ಅಂಕಿ ಯಾವ ಊರಿನದು? ದತ್ತಾಂಶ ಮೂಲದ ಸಂಪರ್ಕ ವಿವರವನ್ನು ಹೊರತೆಗೆಯುವ ಮತ್ತು ಒಳತರುವ ಕ್ರಮ

ಗ್ರಾಮ ಪಂಚಾಯತಿ ಸದಸ್ಯರ ಅಧ್ಯಯನ ಪಾಠ
(ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ಸದಸ್ಯರ ಉಪಯೋಗಕ್ಕಾಗಿ)

ಪಾಠದ ಉದ್ದೇಶ: ಪಂಚಾಯತಿ ಸಭೆಯಲ್ಲಿ ಗಣಕಯಂತ್ರದ ಮೂಲಕ ತೋರಿಸಲಾಗುವ ಅಂಕಿ-ಅಂಶಗಳು ಯಾವ ಮೂಲದಿಂದ ಬಂದಿವೆ ಎಂಬುದನ್ನು ಸದಸ್ಯರು ತಾವೇ ಪರಿಶೀಲಿಸಲು ಶಕ್ತರಾಗುವುದು, ಆ ಮೂಲದ ವಿವರವನ್ನು ಒಂದು ಗಣಕಯಂತ್ರದಿಂದ ಮತ್ತೊಂದಕ್ಕೆ ಸಾಗಿಸುವಾಗ ಪಾಲಿಸಬೇಕಾದ ಕ್ರಮವನ್ನು ತಿಳಿಯುವುದು.



ಅಂಕಿ-ಅಂಶಗಳ ಬೆಲೆ ಏನೆಂಬುದನ್ನು ನಮ್ಮ ಭಾಗದ ಜನರಿಗೆ ಹೊಸದಾಗಿ ಹೇಳಬೇಕಾಗಿಲ್ಲ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಅವರ ಅಧ್ಯಕ್ಷತೆಯ ಸಮಿತಿಯು 35 ಸೂಚಕಗಳನ್ನು ಆಧಾರವಾಗಿಟ್ಟುಕೊಂಡು ರಾಜ್ಯದ ತಾಲ್ಲೂಕುಗಳ ಸ್ಥಿತಿಯನ್ನು ಅಳೆಯಿತು. 114 ತಾಲ್ಲೂಕುಗಳನ್ನು ಹಿಂದುಳಿದವೆಂದೂ, ಅವುಗಳ ಪೈಕಿ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವೆಂದೂ ಗುರುತಿಸಿತು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಆ 39ರಲ್ಲಿ ಸೇರಿದ್ದವು. ನಮ್ಮ ಭಾಗಕ್ಕೆ ವಿಶೇಷ ಅನುದಾನ ಏಕೆ ಬೇಕು ಎಂಬ ಪ್ರಶ್ನೆಗೆ ಅಂದಿನಿಂದ ಇಂದಿನವರೆಗೂ ಉತ್ತರವಾಗಿ ನಿಂತಿರುವುದು ಆ ಅಳತೆಯೇ. ಒಂದು ತಾಲ್ಲೂಕಿನ ಅಂಕಿ ತಪ್ಪಿ ಮತ್ತೊಂದರ ಹೆಸರಿನಲ್ಲಿ ಸೇರಿದ್ದರೆ ಏನಾಗುತ್ತಿತ್ತು ಎಂಬುದನ್ನು ಊಹಿಸಿ ನೋಡಿ.

ತಾಲ್ಲೂಕಿಗೆ ಅನ್ವಯಿಸುವ ಈ ಮಾತು ಗ್ರಾಮಕ್ಕೂ, ವಾರ್ಡಿಗೂ, ಓಣಿಗೂ ಅನ್ವಯಿಸುತ್ತದೆ. ಇಂದು ಅನೇಕ ಪಂಚಾಯತಿಗಳಲ್ಲಿ ಕ್ರಿಯಾಯೋಜನೆಯ ಚರ್ಚೆಗೆ ಮುನ್ನ ಪರದೆಯ ಮೇಲೆ ನಕ್ಷೆ, ಕಂಬಚಿತ್ರ, ತಖ್ತೆಗಳನ್ನು ತೋರಿಸಲಾಗುತ್ತದೆ. ಇದಕ್ಕೆ ಬಳಸುವುದು ವಿಶ್ಲೇಷಣಾ ತಂತ್ರಾಂಶ. ವ್ಯಾಪಾರ ಸಂಸ್ಥೆಗಳು ತಮ್ಮ ಮಾರಾಟ, ದಾಸ್ತಾನುಗಳ ಲೆಕ್ಕ ನೋಡಲು ರೂಪಿಸಿಕೊಂಡ ಸಾಧನವಿದು. ಅದೇ ಸಾಧನವನ್ನು ನಾವು ಕರ ವಸೂಲಿ, ಕುಡಿಯುವ ನೀರು, ಕಾಮಗಾರಿಗಳ ಪ್ರಗತಿ ನೋಡಲು ಬಳಸುತ್ತಿದ್ದೇವೆ. ಪರದೆಯ ಮೇಲಿನ ಚಿತ್ರವನ್ನು ಎಲ್ಲರೂ ನೋಡುತ್ತಾರೆ. ಆ ಚಿತ್ರದ ಹಿಂದಿನ ಅಂಕಿ ಎಲ್ಲಿಂದ ಬಂತೆಂದು ಕೇಳುವವರು ಕಡಿಮೆ. ಈ ಪಾಠವು ಆ ಪ್ರಶ್ನೆಯನ್ನು ಕುರಿತದ್ದು.

1. ಒಂದು ಅನುಭವ

ಹಿಂದೆ ನಾನು ಕರ್ತವ್ಯ ನಿರ್ವಹಿಸಿದ ಒಂದು ಪಂಚಾಯತಿಯಲ್ಲಿ ನಡೆದ ಸಂಗತಿ ಇದು. ತಪ್ಪು ನನ್ನದೇ ಆಗಿದ್ದರಿಂದ ಸಂಕೋಚವಿಲ್ಲದೆ ಬರೆಯುತ್ತಿದ್ದೇನೆ.

ಬೇಸಿಗೆಯ ಆರಂಭ. ಕುಡಿಯುವ ನೀರಿನ ಕಾಮಗಾರಿಗಳ ಆದ್ಯತಾ ಪಟ್ಟಿಯನ್ನು ಸಿದ್ಧಪಡಿಸಬೇಕಾಗಿತ್ತು. ಮನೆವಾರು ನಳ ಸಂಪರ್ಕದ ವರದಿಯನ್ನು ವಾರ್ಡುವಾರು ತೋರಿಸುವ ಒಂದು ಡ್ಯಾಶ್‌ಬೋರ್ಡನ್ನು ಪಕ್ಕದ ಪಂಚಾಯತಿಯವರು ಮೊದಲೇ ಮಾಡಿಕೊಂಡಿದ್ದರು. ಹೊಸದಾಗಿ ಮಾಡುವ ಶ್ರಮ ಏಕೆಂದು ಅವರ ಸಂಪರ್ಕ ವಿವರದ ಕಡತವನ್ನು ಪೆನ್‌ಡ್ರೈವಿನಲ್ಲಿ ತಂದು ನಮ್ಮ ಗಣಕಯಂತ್ರದಲ್ಲಿ ತೆರೆದೆ. ಯಾವ ದೋಷ ಸೂಚನೆಯೂ ಬರಲಿಲ್ಲ. ಶೀರ್ಷಿಕೆಯಲ್ಲಿ ನಮ್ಮ ಪಂಚಾಯತಿಯ ಹೆಸರನ್ನು ಟೈಪ್ ಮಾಡಿ ಸಭೆಯಲ್ಲಿ ತೋರಿಸಿದೆ. ಬಹುಪಾಲು ಮನೆಗಳಿಗೆ ನಳ ಬಂದಿದೆ ಎಂದು ಪರದೆ ಹೇಳಿತು. ಅದರಂತೆ ಊರಂಚಿನ ಒಂದು ಓಣಿಯ ಕಾಮಗಾರಿ ಪಟ್ಟಿಯ ಕೊನೆಗೆ ಸರಿಯಿತು.

ಆ ವಾರ್ಡಿನ ಸದಸ್ಯೆ ಎದ್ದು ನಿಂತು ಹೇಳಿದರು: “ಸಾಹೇಬ್ರ, ನಿಮ್ಮ ಕಂಪ್ಯೂಟರಿನ್ಯಾಗ ನೀರು ಬಂದಾವ್ರಿ. ನಮ್ಮ ಓಣ್ಯಾಗ ಇನ್ನೂ ಬಂದಿಲ್ರಿ.”

ಸಭೆ ನಕ್ಕಿತು. ನಾನೂ ನಕ್ಕೆ. ಆದರೆ ಸಂಜೆ ಕಚೇರಿಯಲ್ಲಿ ಕುಳಿತು ಒಳಗಿನ ಸಂರಚನೆಯನ್ನು ತೆರೆದು ನೋಡಿದಾಗ ನಗು ಉಳಿಯಲಿಲ್ಲ. ವರದಿಯನ್ನು ಸೋಸುವ ಜಾಗದಲ್ಲಿ ಪಕ್ಕದ ಪಂಚಾಯತಿಯ ಸಂಕೇತ ಸಂಖ್ಯೆ ಹಾಗೆಯೇ ಉಳಿದಿತ್ತು. ನಾವು ನೋಡಿದ್ದು ನೆರೆಯವರ ಮನೆಗಳ ನಳಗಳನ್ನು! ಮುಂದಿನ ಸಭೆಯಲ್ಲಿ ವಿಷಯವನ್ನು ಮರುಮಂಡಿಸಿ, ನಡವಳಿಯಲ್ಲಿ ತಿದ್ದುಪಡಿ ಬರೆಸಿ, ಆದ್ಯತಾ ಪಟ್ಟಿಯನ್ನು ಬದಲಾಯಿಸಲಾಯಿತು. ಆ ಸದಸ್ಯೆ ಅಂದು ಎದ್ದು ನಿಲ್ಲದೆ ಹೋಗಿದ್ದರೆ ಆ ಓಣಿಯ ಜನ ಇನ್ನೊಂದು ಬೇಸಿಗೆಯನ್ನು ಟ್ಯಾಂಕರಿನ ಮುಂದೆ ಕೊಡ ಹಿಡಿದು ಕಳೆಯುತ್ತಿದ್ದರು. ದಾಖಲೆಯಲ್ಲಿ ಮಾತ್ರ ಎಲ್ಲವೂ ಸರಿಯಾಗಿರುತ್ತಿತ್ತು.

ಇದರಿಂದ ಕಲಿಯಬೇಕಾದದ್ದು ಒಂದೇ. ತಪ್ಪಾಗಿ ಒಳತಂದ ಸಂಪರ್ಕ ವಿವರವು ಬಹಳ ಸಲ ದೋಷವನ್ನು ತೋರಿಸುವುದಿಲ್ಲ. ಅಚ್ಚುಕಟ್ಟಾದ, ನಂಬುವಂತಹ, ಆದರೆ ಬೇರೆಯವರ ಅಂಕಿಯನ್ನು ತೋರಿಸುತ್ತದೆ. ಅದನ್ನು ತಂತ್ರಾಂಶ ಪತ್ತೆಹಚ್ಚಲಾರದು. ಊರು ಬಲ್ಲವರು ಪತ್ತೆಹಚ್ಚಬಲ್ಲರು.

2. ಸಂಪರ್ಕ ವಿವರ ಎಂದರೇನು?

ನಮ್ಮ ನೀರು ಸರಬರಾಜು ವ್ಯವಸ್ಥೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಕೊಳವೆಬಾವಿಯಲ್ಲಿ ನೀರಿದೆ, ಓಣಿಯಲ್ಲಿ ನಳವಿದೆ. ಇವೆರಡರ ನಡುವೆ ಪೈಪು ಎಲ್ಲಿ ಹಾದಿದೆ, ಯಾವ ವಾಲ್ವ್ ತಿರುಗಿಸಿದರೆ ಯಾವ ಓಣಿಗೆ ನೀರು ಹರಿಯುತ್ತದೆ ಎಂಬುದು ನೀರಗಂಟಿಗೆ ಗೊತ್ತು. ಅದು ಅವನ ತಲೆಯಲ್ಲಿ ಮಾತ್ರ ಇದ್ದರೆ, ಅವನು ರಜೆ ಹಾಕಿದ ದಿನ ಊರಿಗೆ ನೀರಿಲ್ಲ. ಅದನ್ನೇ ಒಂದು ಹಾಳೆಯಲ್ಲಿ ನಕ್ಷೆ ಬರೆದಿಟ್ಟರೆ ಬೇರೊಬ್ಬರು ವಾಲ್ವ್ ತಿರುಗಿಸಬಹುದು.

ಇಲ್ಲಿ ಕೊಳವೆಬಾವಿಯ ಸ್ಥಾನದಲ್ಲಿರುವುದು ದತ್ತಾಂಶ ಮೂಲ. ನಳದ ಸ್ಥಾನದಲ್ಲಿರುವುದು ಪರದೆಯ ಮೇಲಿನ ಡ್ಯಾಶ್‌ಬೋರ್ಡ್. ನಡುವಿನ ನಕ್ಷೆಯೇ ದತ್ತಾಂಶ ಮೂಲದ ಸಂರಚನೆ; ಈ ಪಾಠದಲ್ಲಿ ಇದನ್ನು ಸಂಪರ್ಕ ವಿವರ ಎಂದು ಕರೆಯೋಣ. ನಕ್ಷೆಯಲ್ಲಿ ನೀರು ಇರುವುದಿಲ್ಲವೋ ಹಾಗೆಯೇ ಸಂಪರ್ಕ ವಿವರದಲ್ಲಿ ಸಾಮಾನ್ಯವಾಗಿ ಅಂಕಿ-ಅಂಶ ಇರುವುದಿಲ್ಲ. ಅಂಕಿ ಎಲ್ಲಿದೆ, ಅದನ್ನು ಹೇಗೆ ಓದಬೇಕು ಎಂಬ ಸೂಚನೆ ಮಾತ್ರ ಇರುತ್ತದೆ. ಅದರಲ್ಲಿ ಮುಖ್ಯವಾಗಿ ಈ ಅಂಶಗಳಿರುತ್ತವೆ:

(ಅ) ಮೂಲದ ಬಗೆ: ಎಕ್ಸೆಲ್ ಕಡತವೇ, ಸಿಎಸ್‌ವಿ ಕಡತವೇ, ಜಾಲತಾಣವೇ, ದತ್ತಸಂಚಯವೇ ಎಂಬುದು.
(ಆ) ಮೂಲದ ವಿಳಾಸ: ಗಣಕಯಂತ್ರದ ಯಾವ ಫೋಲ್ಡರ್ ಅಥವಾ ಯಾವ ಸರ್ವರ್ ಎಂಬುದು.
(ಇ) ಓದುವ ರೀತಿ: ಲಿಪಿಯ ಸಂಕೇತ ಕ್ರಮ, ದಿನಾಂಕದ ಕ್ರಮ, ಯಾವ ಕಾಲಂ ಸಂಖ್ಯೆ ಮತ್ತು ಯಾವುದು ಪಠ್ಯ ಎಂಬುದು.
(ಈ) ಸೋಸುವಿಕೆ: ಯಾವ ಪಂಚಾಯತಿ, ಯಾವ ಗ್ರಾಮ, ಯಾವ ಆರ್ಥಿಕ ವರ್ಷ ಎಂಬುದು.
(ಉ) ಪ್ರವೇಶದ ರೀತಿ: ಯಾವ ಬಳಕೆದಾರ ಹೆಸರಿನಿಂದ ಮೂಲವನ್ನು ತೆರೆಯಬೇಕು ಎಂಬುದು.

ನಮ್ಮ ಮಟ್ಟದಲ್ಲಿ ದತ್ತಾಂಶ ಮೂಲಗಳು ಯಾವುವು? ಪಂಚಾಯತಿಯ ಲೆಕ್ಕಪತ್ರ ಮತ್ತು ಕರದ ವಿಷಯಕ್ಕೆ ಪಂಚತಂತ್ರ 2.0, ಆಸ್ತಿಗಳ ನಮೂನೆ 9 ಮತ್ತು 11ರ ವಿಷಯಕ್ಕೆ ಇ-ಸ್ವತ್ತು, 2020ರ ಏಪ್ರಿಲ್ 24ರಂದು ಆರಂಭವಾದ ಇ-ಗ್ರಾಮಸ್ವರಾಜ್, 2019ರ ಆಗಸ್ಟ್ 15ರಂದು ಘೋಷಣೆಯಾದ ಜಲ ಜೀವನ್ ಮಿಷನ್‌ನ ವರದಿಗಳು, 2011ರ ಜನಗಣತಿಯ ಗ್ರಾಮವಾರು ತಖ್ತೆಗಳು ಮುಂತಾದವು. ಸಾಮಾನ್ಯವಾಗಿ ನಾವು ವರದಿಯನ್ನು ಇಳಿಸಿಕೊಂಡು ಕಚೇರಿಯ ಗಣಕಯಂತ್ರದ ಒಂದು ಫೋಲ್ಡರಿನಲ್ಲಿ ಇಡುತ್ತೇವೆ. ವಿಶ್ಲೇಷಣಾ ತಂತ್ರಾಂಶ ಆ ಫೋಲ್ಡರನ್ನು ಓದುತ್ತದೆ. ಆದ್ದರಿಂದ ನಮ್ಮ ಸಂಪರ್ಕ ವಿವರದಲ್ಲಿ ಅತಿ ಬೇಗ ಕೆಡುವ ಭಾಗವೆಂದರೆ ಫೋಲ್ಡರಿನ ವಿಳಾಸ.

3. ಹೊರತೆಗೆಯುವುದು: ಎಕ್ಸ್‌ಪೋರ್ಟ್

ಎಕ್ಸ್‌ಪೋರ್ಟ್ ಎಂದರೆ ತಂತ್ರಾಂಶದೊಳಗಿರುವ ಸಂಪರ್ಕ ವಿವರವನ್ನು ಒಂದು ಪ್ರತ್ಯೇಕ ಕಡತವಾಗಿ ಹೊರತೆಗೆದು ಇಡುವುದು. ಬೇರೆ ಬೇರೆ ತಂತ್ರಾಂಶಗಳಲ್ಲಿ ಇದರ ರೀತಿ ಬೇರೆ.

ಎಕ್ಸೆಲ್‌ನಲ್ಲಿ ಹೊರಗಿನ ಮೂಲಕ್ಕೆ ಸಂಪರ್ಕವಿದ್ದರೆ, ಸಂಪರ್ಕದ ಗುಣಲಕ್ಷಣಗಳ ಕಿಟಕಿಯಲ್ಲಿ ‘ಎಕ್ಸ್‌ಪೋರ್ಟ್ ಕನೆಕ್ಷನ್ ಫೈಲ್’ ಎಂಬ ಗುಂಡಿ ಇರುತ್ತದೆ. ಅದು ಒಡಿಸಿ ಎಂಬ ಬಗೆಯ ಕಡತವನ್ನು ಕೊಡುತ್ತದೆ.

ಪವರ್ ಬಿಐ ಡೆಸ್ಕ್‌ಟಾಪ್‌ನಲ್ಲಿ ‘ಡೇಟಾ ಸೋರ್ಸ್ ಸೆಟ್ಟಿಂಗ್ಸ್’ ಒಳಗೆ ಹೋಗಿ ಪಿಬಿಐಡಿಎಸ್ ಕಡತವಾಗಿ ಹೊರತೆಗೆಯಬಹುದು. ಇದರಲ್ಲಿ ಮೂಲದ ಬಗೆ ಮತ್ತು ವಿಳಾಸ ಮಾತ್ರ ಇರುತ್ತವೆ. ಒಂದು ಕಡತದಲ್ಲಿ ಒಂದೇ ಮೂಲ. ಅಂಕಿಯನ್ನು ಸೋಸುವ, ಜೋಡಿಸುವ ಹಂತಗಳು ಇದರೊಂದಿಗೆ ಬರುವುದಿಲ್ಲ. ಅವೂ ಬೇಕಾದರೆ ಟೆಂಪ್ಲೇಟ್ ಎಂಬ ಬಗೆಯಲ್ಲಿ ಉಳಿಸಬೇಕು. ಟೆಂಪ್ಲೇಟಿನಲ್ಲಿ ಚಿತ್ರಗಳು ಮತ್ತು ಹಂತಗಳು ಇರುತ್ತವೆ, ಅಂಕಿ ಇರುವುದಿಲ್ಲ.

ಟ್ಯಾಬ್ಲೋ ತಂತ್ರಾಂಶದಲ್ಲಿ ಟಿಡಿಎಸ್ ಮತ್ತು ಟಿಡಿಎಸ್‌ಎಕ್ಸ್ ಎಂಬ ಎರಡು ಬಗೆಗಳಿವೆ. ಮೊದಲನೆಯದರಲ್ಲಿ ಸಂಪರ್ಕ ವಿವರ ಮಾತ್ರ. ಎರಡನೆಯದರಲ್ಲಿ ಸ್ಥಳೀಯ ಕಡತದ ಅಂಕಿಯೂ ಕಟ್ಟಿಕೊಂಡು ಬರುತ್ತದೆ. ಹೆಸರಿನಲ್ಲಿ ಒಂದೇ ಅಕ್ಷರದ ವ್ಯತ್ಯಾಸ. ಆದರೆ ಎರಡನೆಯದನ್ನು ಹೊರಗಿನವರಿಗೆ ಕೊಟ್ಟರೆ ಫಲಾನುಭವಿಗಳ ಪಟ್ಟಿಯನ್ನೇ ಕೊಟ್ಟಂತಾದೀತು.

ಶುಲ್ಕವಿಲ್ಲದೆ ದೊರೆಯುವ ಅಪಾಚೆ ಸೂಪರ್‌ಸೆಟ್ ಎಂಬ ಮುಕ್ತ ತಂತ್ರಾಂಶವು ಸಂಪರ್ಕ ವಿವರವನ್ನು ಓದಬಹುದಾದ ಪಠ್ಯ ಕಡತಗಳ ರೂಪದಲ್ಲಿ, ಒಂದು ಜಿಪ್ ಗಂಟಾಗಿ ಕೊಡುತ್ತದೆ. ಗುಪ್ತಪದವನ್ನು ಅದು ಮರೆಮಾಡುತ್ತದೆ. ಒಳತರುವಾಗ ಮತ್ತೆ ಕೇಳುತ್ತದೆ.

ಸದಸ್ಯರು ಈ ಹೆಸರುಗಳನ್ನು ನೆನಪಿಡಬೇಕಾಗಿಲ್ಲ. ಗಣಕ ಸಹಾಯಕರನ್ನು ಎರಡು ಮಾತು ಕೇಳಿದರೆ ಸಾಕು: “ಈ ಕಡತದಲ್ಲಿ ದಾರಿ ಮಾತ್ರ ಇದೆಯೋ, ಅಂಕಿಯೂ ಇದೆಯೋ?” ಮತ್ತು “ಇದರಲ್ಲಿ ಗುಪ್ತಪದ ಇದೆಯೋ, ಇಲ್ಲವೋ?”

ಹೊರತೆಗೆದ ಕಡತಕ್ಕೆ ಹೆಸರಿಡುವಲ್ಲಿಯೂ ಶಿಸ್ತು ಬೇಕು. ‘ಹೊಸದು’, ‘ಫೈನಲ್’, ‘ಫೈನಲ್ 2’ ಎಂಬ ಹೆಸರುಗಳಿಂದ ಆರು ತಿಂಗಳ ನಂತರ ಯಾರಿಗೂ ಏನೂ ತಿಳಿಯದು. ಪಂಚಾಯತಿಯ ಹೆಸರು, ವಿಷಯ, ಆರ್ಥಿಕ ವರ್ಷ, ಹೊರತೆಗೆದ ದಿನಾಂಕ ಈ ನಾಲ್ಕೂ ಕಡತದ ಹೆಸರಿನಲ್ಲಿ ಇರಬೇಕು.

ಒಂದು ಪ್ರತಿ ಕಚೇರಿಯ ಗಣಕಯಂತ್ರದಲ್ಲಿದ್ದರೆ ಸಾಲದು. 2020ರ ಅಕ್ಟೋಬರ್‌ನಲ್ಲಿ ಭೀಮಾ ನದಿಯ ಪ್ರವಾಹ ಅಫಜಲಪುರ ಮತ್ತು ಜೇವರ್ಗಿ ಭಾಗದ ದಂಡೆಯ ಗ್ರಾಮಗಳಿಗೆ ನುಗ್ಗಿದ್ದನ್ನು ನಾವೆಲ್ಲ ಕಂಡಿದ್ದೇವೆ. ನೀರು, ಸಿಡಿಲು, ವಿದ್ಯುತ್ತಿನ ಏರಿಳಿತ ಇವುಗಳಲ್ಲಿ ಯಾವುದಾದರೂ ಒಂದು ಗಣಕಯಂತ್ರವನ್ನು ಕೆಡಿಸಲು ಸಾಕು. ಆದ್ದರಿಂದ ಎರಡನೆಯ ಪ್ರತಿಯನ್ನು ಕಚೇರಿಯ ಕಟ್ಟಡದ ಹೊರಗೆ, ಉದಾಹರಣೆಗೆ ತಾಲ್ಲೂಕು ಪಂಚಾಯತಿ ಕಚೇರಿಯಲ್ಲಿ, ಇಡುವುದು ಒಳ್ಳೆಯದು.

4. ಒಳತರುವುದು: ಇಂಪೋರ್ಟ್

ಇಂಪೋರ್ಟ್ ಎಂದರೆ ಹೊರತೆಗೆದ ಕಡತವನ್ನು ಇನ್ನೊಂದು ಗಣಕಯಂತ್ರದ ಅಥವಾ ಇನ್ನೊಂದು ಪಂಚಾಯತಿಯ ತಂತ್ರಾಂಶದೊಳಕ್ಕೆ ತರುವುದು. ಗುಂಡಿ ಒತ್ತುವುದು ಸುಲಭ. ಒತ್ತಿದ ನಂತರದ ಪರಿಶೀಲನೆಯೇ ನಿಜವಾದ ಕೆಲಸ. ಐದು ಪರಿಶೀಲನೆಗಳು ಕಡ್ಡಾಯವೆಂದು ಭಾವಿಸಬೇಕು.

ಒಂದು, ವಿಳಾಸ. ಹಳೆಯ ಗಣಕಯಂತ್ರದಲ್ಲಿ ಕಡತವು ಒಬ್ಬ ನೌಕರರ ಹೆಸರಿನ ಡೆಸ್ಕ್‌ಟಾಪ್ ಫೋಲ್ಡರಿನಲ್ಲಿದ್ದರೆ, ಹೊಸ ಗಣಕಯಂತ್ರದಲ್ಲಿ ಆ ಫೋಲ್ಡರ್ ಇರುವುದಿಲ್ಲ. ಆಗ ತಂತ್ರಾಂಶ ದೋಷ ತೋರಿಸುತ್ತದೆ; ಇದು ಒಳ್ಳೆಯ ತಪ್ಪು, ಏಕೆಂದರೆ ಕಣ್ಣಿಗೆ ಬೀಳುತ್ತದೆ. ಕೆಟ್ಟ ಸಂದರ್ಭವೆಂದರೆ ಅದೇ ಹೆಸರಿನ ಫೋಲ್ಡರಿನಲ್ಲಿ ಹಳೆಯ ಕಡತ ಉಳಿದಿರುವುದು. ಆಗ ಹೋದ ವರ್ಷದ ಅಂಕಿ ಈ ವರ್ಷದ್ದೆಂದು ಕಾಣುತ್ತದೆ. ವ್ಯಕ್ತಿಯ ಹೆಸರಿಲ್ಲದ, ಪಂಚಾಯತಿಯ ಹೆಸರಿನ ಒಂದೇ ಫೋಲ್ಡರನ್ನು ಎಲ್ಲ ಗಣಕಯಂತ್ರಗಳಲ್ಲೂ ಒಂದೇ ಜಾಗದಲ್ಲಿ ಇಟ್ಟುಕೊಂಡರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ.

ಎರಡು, ಸೋಸುವಿಕೆ. ಪಂಚಾಯತಿಯ ಸಂಕೇತ ಸಂಖ್ಯೆ ನಮ್ಮದೇ? ಆರ್ಥಿಕ ವರ್ಷ ಈಗಿನದೇ? ನನ್ನ ಅನುಭವದ ತಪ್ಪು ಇಲ್ಲಿಯೇ ಆದದ್ದು. ವರ್ಷದ ವಿಷಯವೂ ಕಡಿಮೆಯದಲ್ಲ. 15ನೆಯ ಹಣಕಾಸು ಆಯೋಗದ ಅನುದಾನದಲ್ಲಿ 2020-21ರಲ್ಲಿ ನಿರ್ಬಂಧಿತ ಮತ್ತು ಅನಿರ್ಬಂಧಿತ ಭಾಗಗಳು ಶೇ. 50ರಂತೆ ಸಮವಾಗಿದ್ದವು. 2021-22ರಿಂದ 2025-26ರವರೆಗಿನ ಅವಧಿಗೆ ನಿರ್ಬಂಧಿತ ಭಾಗ ಶೇ. 60, ಅನಿರ್ಬಂಧಿತ ಭಾಗ ಶೇ. 40 ಆಯಿತು. ಆ ಅನುದಾನದ ನಿರ್ಬಂಧಿತ ಭಾಗವನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಬಳಸಬೇಕಾಗಿತ್ತು. 2020-21ರ ಸೂತ್ರವಿರುವ ಸಂಪರ್ಕ ವಿವರವನ್ನು ತಿದ್ದದೆ ಆ ನಂತರದ ಅವಧಿಗೆ ಒಳತಂದಿದ್ದರೆ, ನೀರಿಗೆ ಸಲ್ಲಬೇಕಾದ ಹಣವನ್ನು ಪರದೆ ಕಡಿಮೆ ಮಾಡಿ ತೋರಿಸುತ್ತಿತ್ತು.

ಮೂರು, ಲಿಪಿ. ಹಳೆಯ ನುಡಿ ಅಕ್ಷರಶೈಲಿಗಳಲ್ಲಿ ಟೈಪ್ ಮಾಡಿದ ಪಟ್ಟಿಗಳು ಯೂನಿಕೋಡ್ ಅಲ್ಲ. ಅವನ್ನು ಹಾಗೆಯೇ ಒಳತಂದರೆ ಹೆಸರುಗಳು ಅರ್ಥವಿಲ್ಲದ ಚಿಹ್ನೆಗಳಾಗುತ್ತವೆ. ಅವನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಬೇಕು. ಯೂನಿಕೋಡ್ ಕಡತವಾದರೂ ಸಿಎಸ್‌ವಿ ಓದುವಾಗ ‘65001: ಯೂನಿಕೋಡ್ ಯುಟಿಎಫ್-8’ ಎಂಬ ಆಯ್ಕೆ ಇರಬೇಕು. ಅಂಕಿಗಳನ್ನು ಕನ್ನಡ ಅಂಕಿಗಳಲ್ಲಿ ಬರೆದಿದ್ದರೆ ತಂತ್ರಾಂಶ ಅವನ್ನು ಸಂಖ್ಯೆಯೆಂದು ಎಣಿಸದೆ ಪಠ್ಯವೆಂದು ಬಿಟ್ಟುಬಿಡುವ ಸಾಧ್ಯತೆ ಇದೆ. ಮೊತ್ತದಲ್ಲಿ ಆ ಸಾಲುಗಳು ಸೇರಿಲ್ಲದಿರುವುದು ಯಾರಿಗೂ ತಿಳಿಯುವುದಿಲ್ಲ.

ನಾಲ್ಕು, ದಿನಾಂಕ ಮತ್ತು ಸಂಖ್ಯೆಯ ಬಗೆ. 04/05/2024 ಎಂಬುದು ನಮಗೆ ಮೇ 4. ಅಮೆರಿಕದ ಕ್ರಮಕ್ಕೆ ಹೊಂದಿಸಿದ ಗಣಕಯಂತ್ರಕ್ಕೆ ಅದು ಏಪ್ರಿಲ್ 5. ಕಾಮಗಾರಿ ಮುಗಿದ ದಿನ, ಕೂಲಿ ಪಾವತಿಯ ದಿನ ಇವೆಲ್ಲ ಹೀಗೆ ಹಿಂದೆ ಮುಂದೆ ಆಗುತ್ತವೆ. ಬ್ಯಾಂಕ್ ಖಾತೆಯ ಸಂಖ್ಯೆಯನ್ನು ‘ಸಂಖ್ಯೆ’ ಎಂದು ಓದಿಸಿದರೆ ಮೊದಲಿನ ಸೊನ್ನೆಗಳು ಅಳಿಯುತ್ತವೆ. ಎಕ್ಸೆಲ್‌ನಲ್ಲಿ 15 ಅಂಕಿಗಳಿಗಿಂತ ಉದ್ದದ ಸಂಖ್ಯೆಯ ಕೊನೆಯ ಅಂಕಿಗಳು ಸೊನ್ನೆಯಾಗುತ್ತವೆ. ಖಾತೆ ಸಂಖ್ಯೆ, ಸಂಕೇತ ಸಂಖ್ಯೆಗಳನ್ನು ಯಾವಾಗಲೂ ‘ಪಠ್ಯ’ ಎಂದೇ ಓದಿಸಬೇಕು.

ಐದು, ಗೊತ್ತಿರುವ ಅಂಕಿಯೊಂದಿಗೆ ತಾಳೆ. ಇದು ಸದಸ್ಯರ ಕೈಯಲ್ಲಿರುವ ಪರೀಕ್ಷೆ. ನಮ್ಮ ಪಂಚಾಯತಿಯಲ್ಲಿ ಗ್ರಾಮಗಳೆಷ್ಟು, ವಾರ್ಡುಗಳೆಷ್ಟು, ಕಳೆದ ಮಾರ್ಚ್ ಅಂತ್ಯದ ಬೇಡಿಕೆ-ವಸೂಲಿ-ಬಾಕಿ ತಖ್ತೆಯ ಒಟ್ಟು ಮೊತ್ತವೆಷ್ಟು ಎಂಬುದು ದಾಖಲೆಯಲ್ಲಿದೆ. ಪರದೆಯ ಅಂಕಿ ಅದಕ್ಕೆ ಹೊಂದುತ್ತದೆಯೇ ನೋಡಬೇಕು. ಹೊಂದದಿದ್ದರೆ, ಉಳಿದ ಚಿತ್ರಗಳು ಎಷ್ಟೇ ಸುಂದರವಾಗಿದ್ದರೂ ಚರ್ಚೆಯನ್ನು ಮುಂದುವರಿಸಬಾರದು.

5. ಹೆಸರನ್ನಲ್ಲ, ಸಂಕೇತ ಸಂಖ್ಯೆಯನ್ನು ನಂಬಿ

ಎರಡು ಮೂಲಗಳ ಅಂಕಿಗಳನ್ನು ಜೋಡಿಸುವಾಗ ಊರ ಹೆಸರಿನಿಂದ ಜೋಡಿಸಿದರೆ ನಮ್ಮ ಜಿಲ್ಲೆಯಲ್ಲಿ ಅಪಾಯ ಹೆಚ್ಚು. ಕಾರಣಗಳನ್ನು ಇತಿಹಾಸವೇ ಕೊಟ್ಟಿದೆ.

2009ರ ಅಂತ್ಯದಲ್ಲಿ ಯಾದಗಿರಿ ಪ್ರತ್ಯೇಕ ಜಿಲ್ಲೆಯಾಯಿತು. ಅದಕ್ಕೆ ಮೊದಲಿನ ‘ಗುಲಬರ್ಗಾ ಜಿಲ್ಲೆ’ಯ ಅಂಕಿಯಲ್ಲಿ ಶಹಾಪುರ, ಸುರಪುರ, ಯಾದಗಿರಿ ಸೇರಿವೆ. 2014ರ ನವೆಂಬರ್ 1ರಿಂದ ಗುಲಬರ್ಗಾ ಹೆಸರು ಕಲಬುರಗಿ ಎಂದಾಯಿತು. ಹೀಗಾಗಿ 2011ರ ಜನಗಣತಿಯ ಕಡತದಲ್ಲಿ ನಮ್ಮ ಜಿಲ್ಲೆ ಒಂದು ಹೆಸರಿನಲ್ಲಿದೆ, ನಂತರದ ಕಡತಗಳಲ್ಲಿ ಇನ್ನೊಂದು ಹೆಸರಿನಲ್ಲಿದೆ. ಯಡ್ರಾಮಿಯು ಜೇವರ್ಗಿಯಿಂದ ಬೇರ್ಪಟ್ಟು ಪ್ರತ್ಯೇಕ ತಾಲ್ಲೂಕಾದ ಮೇಲೆ, ಹಳೆಯ ಕಡತಗಳ ‘ಜೇವರ್ಗಿ’ ಮತ್ತು ಹೊಸ ಕಡತಗಳ ‘ಜೇವರ್ಗಿ’ ಒಂದೇ ಹೆಸರಿನ ಎರಡು ಬೇರೆ ಪ್ರದೇಶಗಳು. ಹಳೆಯ ಜನಸಂಖ್ಯೆಯಿಂದ ಹೊಸ ಫಲಾನುಭವಿಗಳ ಸಂಖ್ಯೆಯನ್ನು ಭಾಗಿಸಿದರೆ, ಕೆಲಸ ಆಗಿದ್ದರೂ ಆಗಿಲ್ಲವೆಂದು ಕಾಣುತ್ತದೆ.

ಅಕ್ಷರ ವ್ಯತ್ಯಾಸದ ತೊಂದರೆಯೂ ಇದೆ. ಅಫಜಲಪುರ, ಅಫ್ಜಲಪುರ, ಅಫಜಲಪೂರ, ಆಳಂದ, ಆಳಂದಾ, ಜೇವರ್ಗಿ, ಜೇವರಗಿ. ಓದುವ ನಮಗೆ ಇವೆಲ್ಲ ಒಂದೇ. ಗಣಕಯಂತ್ರಕ್ಕೆ ಒಂದು ದೀರ್ಘ ಹೆಚ್ಚಾದರೂ ಅದು ಬೇರೆ ಊರು. ‘ಖುರ್ದ್’, ‘ಬುದ್ರುಕ್’, ‘ತಾಂಡಾ’, ‘ವಾಡಿ’ ಎಂಬ ಪ್ರತ್ಯಯಗಳು ಬಿಟ್ಟುಹೋದರೆ ಎರಡು ಊರುಗಳು ಒಂದಾಗಿಬಿಡುತ್ತವೆ. ಹೀಗೆ ಕಳೆದುಹೋಗುವವು ಹೆಚ್ಚಾಗಿ ತಾಂಡಾಗಳು ಮತ್ತು ಮಜರೆ ಗ್ರಾಮಗಳೇ. ಕಂದಾಯ ಗ್ರಾಮದ ಹೆಸರಿನಡಿ ಅವುಗಳ ಅಂಕಿ ಮುಳುಗಿಹೋಗುತ್ತದೆ.

ಇದಕ್ಕೆ ಪರಿಹಾರವಾಗಿ ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಸ್ಥಳೀಯ ಸರ್ಕಾರಗಳ ಕೋಶವಿದೆ. ಎಲ್‌ಜಿಡಿ ಎಂಬ ಹೆಸರಿನಿಂದ ಅದು ಪರಿಚಿತ. ಅದರಲ್ಲಿ ಪ್ರತಿ ಜಿಲ್ಲೆ, ತಾಲ್ಲೂಕು, ಗ್ರಾಮ ಪಂಚಾಯತಿ ಮತ್ತು ಗ್ರಾಮಕ್ಕೆ ಒಂದೊಂದು ಪ್ರತ್ಯೇಕ ಸಂಕೇತ ಸಂಖ್ಯೆಯಿದೆ. 2011ರ ಜನಗಣತಿಯಲ್ಲಿಯೂ ಪ್ರತಿ ಗ್ರಾಮಕ್ಕೆ ಆರು ಅಂಕಿಗಳ ಸಂಕೇತವಿದೆ. ಸಂಪರ್ಕ ವಿವರದಲ್ಲಿ ಜೋಡಣೆಯು ಈ ಸಂಖ್ಯೆಗಳಿಂದ ಆಗಿರಬೇಕು, ಹೆಸರಿನಿಂದ ಅಲ್ಲ. ತಮ್ಮ ಪಂಚಾಯತಿಯ ಮತ್ತು ಅದರ ಗ್ರಾಮಗಳ ಎಲ್‌ಜಿಡಿ ಸಂಖ್ಯೆಗಳನ್ನು ಪ್ರತಿಯೊಬ್ಬ ಸದಸ್ಯರೂ ತಮ್ಮ ದಿನಚರಿಯ ಮೊದಲ ಪುಟದಲ್ಲಿ ಬರೆದಿಟ್ಟುಕೊಳ್ಳಬೇಕೆಂದು ವಿನಂತಿ. ಮುಂದೆ ಯಾವುದೇ ಸಭೆಯಲ್ಲಿ ಪರದೆಯ ಅಂಕಿಯನ್ನು ಪ್ರಶ್ನಿಸಲು ಆ ಒಂದು ಸಾಲು ಸಾಕಾಗುತ್ತದೆ.

6. ಗುಪ್ತಪದ ಮತ್ತು ಜನರ ಖಾಸಗಿ ವಿವರ

ಪಂಚಾಯತಿ ಅಭಿವೃದ್ಧಿ ಅಧಿಕಾರಿಯ ಡಿಜಿಟಲ್ ಸಹಿಯ ಟೋಕನ್ ಅವರ ವೈಯಕ್ತಿಕ ಹೊಣೆ. ವರ್ಗಾವಣೆಯಾದಾಗ ಬೀಗದ ಕೈ ಕೊಡುವಂತೆ ಅದನ್ನು ಕೊಡಲಾಗುವುದಿಲ್ಲ. ಹೊಸಬರು ತಮ್ಮದೇ ಸಹಿಯನ್ನು ನೋಂದಾಯಿಸಬೇಕು. ಗುಪ್ತಪದದ ವಿಷಯವೂ ಹೀಗೆಯೇ. ಉತ್ತಮ ತಂತ್ರಾಂಶಗಳು ಹೊರತೆಗೆದ ಕಡತದಲ್ಲಿ ಗುಪ್ತಪದವನ್ನು ಸೇರಿಸುವುದಿಲ್ಲ. ಆದರೆ ಎಕ್ಸೆಲ್ ಸಂಪರ್ಕದಲ್ಲಿ ‘ಗುಪ್ತಪದ ಉಳಿಸು’ ಎಂಬ ಚೌಕಕ್ಕೆ ಗುರುತು ಹಾಕಿದರೆ ಅದು ಮರೆಮಾಚದೆ ಉಳಿಯುತ್ತದೆ. ಕಡತ ತೆರೆದ ಯಾರೂ ಓದಬಹುದು. ಆ ಚೌಕ ಖಾಲಿಯೇ ಇರಬೇಕು.

ಕಡತವನ್ನು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕುವ ರೂಢಿ ನಮ್ಮಲ್ಲಿದೆ. ಸಂಪರ್ಕ ವಿವರ ಮಾತ್ರ ಇದ್ದರೂ ಸರ್ವರಿನ ವಿಳಾಸ, ಬಳಕೆದಾರ ಹೆಸರು ಅದರಲ್ಲಿರಬಹುದು. ಅಂಕಿಯೂ ಸೇರಿದ್ದರೆ ಪಿಂಚಣಿದಾರರ ಹೆಸರು, ಬ್ಯಾಂಕ್ ಖಾತೆ, ದೂರವಾಣಿ ಸಂಖ್ಯೆಗಳು ಊರೆಲ್ಲ ಹರಡುತ್ತವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಆಶಯ ಇದಕ್ಕೆ ವಿರುದ್ಧವಾದುದು. ವಿಧವಾ ವೇತನ ಪಡೆಯುವ ಒಬ್ಬ ತಾಯಿಯ ಖಾತೆ ಸಂಖ್ಯೆಯನ್ನು ಮೋಸಗಾರನೊಬ್ಬ ಎಲ್ಲಿಂದ ಪಡೆದ ಎಂಬ ಪ್ರಶ್ನೆಗೆ ನಮ್ಮ ಪಂಚಾಯತಿ ಉತ್ತರವಾಗಬಾರದು.

ಇದರ ಅರ್ಥ ಮಾಹಿತಿಯನ್ನು ಬಚ್ಚಿಡಬೇಕೆಂದಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯಂತೆ ಪಂಚಾಯತಿಯ ಲೆಕ್ಕ, ಕಾಮಗಾರಿ, ಅನುದಾನಗಳ ವಿವರ ಜನರಿಗೆ ತೆರೆದಿರಬೇಕು. ಒಟ್ಟು ಅಂಕಿಯನ್ನು ತೋರಿಸೋಣ. ವ್ಯಕ್ತಿಯ ಖಾಸಗಿ ವಿವರವನ್ನು ಕಾಯೋಣ.

7. ವರ್ಗಾವಣೆಯ ದಿನ

ಅಧಿಕಾರಿಗಳು ಬರುತ್ತಾರೆ, ಹೋಗುತ್ತಾರೆ, ಪಂಚಾಯತಿ ಉಳಿಯುತ್ತದೆ. ಪ್ರಭಾರ ವಹಿಸಿಕೊಡುವಾಗ ನಗದು ಪುಸ್ತಕ, ಚೆಕ್ ಪುಸ್ತಕ, ಅಳತೆ ಪುಸ್ತಕ, ದಾಸ್ತಾನು ವಹಿಗಳ ಪಟ್ಟಿ ಮಾಡಿ ಸಹಿ ಪಡೆಯುವ ಪದ್ಧತಿ ಇದೆ. ಸಂಪರ್ಕ ವಿವರದ ಕಡತಗಳನ್ನು ಆ ಪಟ್ಟಿಯಲ್ಲಿ ಸೇರಿಸುವ ರೂಢಿ ಇನ್ನೂ ಬೆಳೆದಿಲ್ಲ. ಪರಿಣಾಮವಾಗಿ, ಡ್ಯಾಶ್‌ಬೋರ್ಡ್ ಮಾಡಿದವರು ವರ್ಗವಾದ ಮರುತಿಂಗಳೇ ಪರದೆಯ ಚಿತ್ರ ನಿಂತುಹೋಗುತ್ತದೆ. ಅಥವಾ ಹಳೆಯ ಅಂಕಿಯನ್ನೇ ತೋರಿಸುತ್ತಾ ಕೂರುತ್ತದೆ. ಎರಡನೆಯದು ಹೆಚ್ಚು ಅಪಾಯಕಾರಿ.

ಇದನ್ನು ತಪ್ಪಿಸಲು ‘ದತ್ತಾಂಶ ಮೂಲಗಳ ವಹಿ’ ಎಂಬ ಒಂದು ಸಾಮಾನ್ಯ ವಹಿಯನ್ನು ಇಡಬಹುದು. ಅದರ ಕಾಲಂಗಳು: ಕ್ರಮ ಸಂಖ್ಯೆ, ವಿಷಯ, ಮೂಲದ ಹೆಸರು, ಫೋಲ್ಡರಿನ ವಿಳಾಸ, ಪಂಚಾಯತಿಯ ಎಲ್‌ಜಿಡಿ ಸಂಖ್ಯೆ, ಆರ್ಥಿಕ ವರ್ಷ, ಕೊನೆಯ ಬಾರಿ ಹೊರತೆಗೆದ ದಿನಾಂಕ, ತಾಳೆ ನೋಡಿದ ಅಂಕಿ, ತಾಳೆ ನೋಡಿದವರ ಸಹಿ. ಗುಪ್ತಪದವನ್ನು ಈ ವಹಿಯಲ್ಲಿ ಎಂದಿಗೂ ಬರೆಯಬಾರದು.

8. ಸಭೆಯಲ್ಲಿ ಸದಸ್ಯರು ಕೇಳಬೇಕಾದ ಐದು ಪ್ರಶ್ನೆಗಳು

1. ಈ ಅಂಕಿ ಯಾವ ಮೂಲದ್ದು, ಯಾವ ದಿನ ಇಳಿಸಿಕೊಂಡದ್ದು?
2. ಇದರಲ್ಲಿರುವ ಪಂಚಾಯತಿಯ ಸಂಕೇತ ಸಂಖ್ಯೆ ಮತ್ತು ಆರ್ಥಿಕ ವರ್ಷ ಯಾವುವು?
3. ನಮ್ಮ ಎಲ್ಲ ಗ್ರಾಮಗಳು, ತಾಂಡಾಗಳು, ಮಜರೆಗಳು ಇದರಲ್ಲಿ ಬಂದಿವೆಯೇ?
4. ಗೊತ್ತಿರುವ ಯಾವ ಅಂಕಿಯೊಂದಿಗೆ ಇದನ್ನು ತಾಳೆ ನೋಡಲಾಗಿದೆ?
5. ಸಂಪರ್ಕ ವಿವರದ ಎರಡನೆಯ ಪ್ರತಿ ಎಲ್ಲಿದೆ?

ಈ ಪ್ರಶ್ನೆಗಳನ್ನು ಕೇಳುವುದು ಅಧಿಕಾರಿಯ ಮೇಲಿನ ಅಪನಂಬಿಕೆಯಲ್ಲ. ಪ್ರಶ್ನೆ ಬರುತ್ತದೆ ಎಂದು ಗೊತ್ತಿದ್ದರೆ ಅಧಿಕಾರಿಯೂ ಸಭೆಗೆ ಮುನ್ನ ಇನ್ನೊಮ್ಮೆ ನೋಡುತ್ತಾನೆ. ಇದನ್ನು ನಾನು ಸ್ವಂತ ಅನುಭವದಿಂದ ಹೇಳುತ್ತಿದ್ದೇನೆ.

9. ಮಾದರಿ ಠರಾವು

ತಮ್ಮ ಸಭೆಯಲ್ಲಿ ಅಂಗೀಕರಿಸಲು ಅನುಕೂಲವಾಗುವಂತೆ ಒಂದು ಮಾದರಿಯನ್ನು ಕೊಡಲಾಗಿದೆ. ಅಗತ್ಯವಿದ್ದಂತೆ ಬದಲಾಯಿಸಿಕೊಳ್ಳಬಹುದು.

“ಪಂಚಾಯತಿಯ ಕರ ವಸೂಲಿ, ಕುಡಿಯುವ ನೀರು ಮತ್ತು ಕಾಮಗಾರಿಗಳ ವಿಶ್ಲೇಷಣೆಗೆ ಬಳಸುವ ದತ್ತಾಂಶ ಮೂಲಗಳ ಸಂಪರ್ಕ ವಿವರಗಳು ಪಂಚಾಯತಿಯ ಸ್ವತ್ತು ಎಂದು ಪರಿಗಣಿಸಲು, ಅವುಗಳನ್ನು ಪ್ರತಿ ಮೂರು ತಿಂಗಳಿಗೊಮ್ಮೆ ಹೊರತೆಗೆದು ಎರಡು ಕಡೆ ಇಡಲು, ದತ್ತಾಂಶ ಮೂಲಗಳ ವಹಿಯನ್ನು ನಿರ್ವಹಿಸಿ ಪ್ರಭಾರ ಪಟ್ಟಿಯಲ್ಲಿ ಸೇರಿಸಲು, ಹೊಸದಾಗಿ ಒಳತಂದ ಯಾವುದೇ ಸಂಪರ್ಕ ವಿವರದ ಅಂಕಿಯನ್ನು ತಾಳೆ ನೋಡಿದ ನಂತರವೇ ಸಭೆಯ ಮುಂದೆ ಇಡಲು ಸಭೆಯು ತೀರ್ಮಾನಿಸಿತು.”

10. ಅಭ್ಯಾಸ

(ಅ) ತಮ್ಮ ಪಂಚಾಯತಿಯ ಮತ್ತು ಅದರ ಎಲ್ಲ ಗ್ರಾಮಗಳ ಎಲ್‌ಜಿಡಿ ಸಂಖ್ಯೆಗಳನ್ನು ಕಚೇರಿಯಿಂದ ಪಡೆದು ಬರೆಯಿರಿ.

(ಆ) ಕಲ್ಪಿತ ಉದಾಹರಣೆ: ಒಂದು ಪಂಚಾಯತಿಯ ವಹಿಯಂತೆ ಮನೆಗಳು 1,240. ಹೊಸದಾಗಿ 15 ಮನೆಗಳ ಸಾಲುಗಳಲ್ಲಿ ಅಂಕಿಗಳನ್ನು ಕನ್ನಡ ಅಂಕಿಗಳಲ್ಲಿ ಟೈಪ್ ಮಾಡಲಾಗಿದೆ. ಪರದೆಯಲ್ಲಿ ಕರದ ಬೇಡಿಕೆಯ ಮೊತ್ತ 1,225 ಮನೆಗಳದ್ದು ಮಾತ್ರ ಬರುತ್ತಿದೆ. ಐದು ಪರಿಶೀಲನೆಗಳಲ್ಲಿ ಯಾವುದು ತಪ್ಪನ್ನು ತೋರಿಸಿಕೊಡುತ್ತದೆ, ಯಾವುದು ಅದರ ಕಾರಣವನ್ನು ತಿಳಿಸುತ್ತದೆ?

(ಇ) ಹಿಂದಿನ ಎರಡು ಸಭೆಗಳಲ್ಲಿ ಪರದೆಯ ಮೇಲೆ ತೋರಿಸಿದ ಒಂದು ಅಂಕಿಯನ್ನು ಆರಿಸಿ, ಅದರ ಮೂಲವನ್ನು ಗಣಕ ಸಹಾಯಕರೊಂದಿಗೆ ಕುಳಿತು ಪತ್ತೆಹಚ್ಚಿರಿ. ಮೂಲದ ಜಾಲತಾಣದಲ್ಲಿ ಅದೇ ಅಂಕಿ ಇದೆಯೇ ನೋಡಿ.

(ಈ) ತಮ್ಮ ವಾರ್ಡಿನಲ್ಲಿ ನಡೆದಾಡಿ ಹತ್ತು ಮನೆಗಳ ನಳಗಳನ್ನು ನೋಡಿ. ಪರದೆಯ ಅಂಕಿಗೂ ತಮ್ಮ ಕಣ್ಣಿಗೆ ಕಂಡದ್ದಕ್ಕೂ ವ್ಯತ್ಯಾಸವಿದ್ದರೆ ಬರೆದುಕೊಂಡು ಮುಂದಿನ ಸಭೆಗೆ ತನ್ನಿ.

(ಉತ್ತರ ಸೂಚನೆ: ‘ಆ’ ಪ್ರಶ್ನೆಯಲ್ಲಿ ಐದನೆಯ ಪರಿಶೀಲನೆಯು ತಪ್ಪನ್ನು ತೋರಿಸುತ್ತದೆ, ಮೂರನೆಯದು ಕಾರಣವನ್ನು ತಿಳಿಸುತ್ತದೆ.)

ಈ ಪಾಠದ ನಾಲ್ಕನೆಯ ಅಭ್ಯಾಸಕ್ಕೆ ಗಣಕಯಂತ್ರ ಬೇಕಾಗಿಲ್ಲ. ಸದಸ್ಯರಲ್ಲಿ ಕೆಲವರಿಗೆ ಗಣಕದ ಭಾಷೆ ಅಪರಿಚಿತವಾಗಿರಬಹುದು. ಆದರೆ ತಮ್ಮ ಓಣಿಯಲ್ಲಿ ನೀರು ಬಂದಿದೆಯೋ ಇಲ್ಲವೋ ಎಂಬುದನ್ನು ಅವರಿಗಿಂತ ಚೆನ್ನಾಗಿ ಬಲ್ಲ ತಂತ್ರಾಂಶವಿಲ್ಲ. ಪರದೆಯ ಅಂಕಿಗೂ ಓಣಿಯ ಸ್ಥಿತಿಗೂ ತಾಳೆಯಾಗದ ದಿನ ದಯವಿಟ್ಟು ಎದ್ದು ನಿಲ್ಲಿರಿ, ಮತ್ತು ತಮ್ಮ ಮಾತನ್ನು ನಡವಳಿಯಲ್ಲಿ ಬರೆಸಿರಿ.